ಕಣ್ಣ ಮುಂದಿನ ಮಿಂಚುಕೋಟೆ: ಮೈಗ್ರೇನ್ ಆರಾವನ್ನು ಅರಿತ ಬಗೆ

ಮೈಗ್ರೇನ್ ಇರುವ ನಾಲ್ವರಲ್ಲಿ ಸುಮಾರು ಒಬ್ಬರಿಗೆ ತಲೆನೋವಿಗಿಂತ ಮೊದಲು ನೋಟ ಕೆಡುತ್ತದೆ. ಓದುತ್ತಿರುವ ಸಾಲಿನಲ್ಲಿ ಒಂದೆರಡು ಅಕ್ಷರ ಕಾಣೆಯಾಗುತ್ತವೆ. ಎದುರಿಗೆ ನಿಂತವರ ಮುಖದಲ್ಲಿ ಅರ್ಧ ಕಾಣುವುದೇ ಇಲ್ಲ. ಕೆಲವು ನಿಮಿಷಗಳಲ್ಲಿ ಆ ಖಾಲಿ ಜಾಗದ ಅಂಚಿನಲ್ಲಿ ಮಿಣುಗುವ ಅಂಕುಡೊಂಕು ಗೆರೆಯೊಂದು ಹುಟ್ಟಿ, ಬಾಗಿ, ಒಂದು ಪಕ್ಕಕ್ಕೆ ನಿಧಾನವಾಗಿ ಹಿಗ್ಗುತ್ತ ಹೋಗಿ ಮರೆಯಾಗುತ್ತದೆ. ಕಣ್ಣು ಮುಚ್ಚಿದರೂ ಅದು ಹೋಗುವುದಿಲ್ಲ. ಅದು ಹುಟ್ಟುವುದು ಕಣ್ಣಿನಲ್ಲಲ್ಲ, ಮಿದುಳಿನ ಹಿಂಭಾಗದಲ್ಲಿ. ಕೆಲವರಿಗೆ ಬೆರಳ ತುದಿಯಿಂದ ಜೋಮು ಹತ್ತಿ, ತೋಳಿನಗುಂಟ ಮೇಲೇರಿ, ತುಟಿ ನಾಲಿಗೆಗಳವರೆಗೂ ಬರುತ್ತದೆ. ಇನ್ನು ಕೆಲವರಿಗೆ ಮನಸ್ಸಿನಲ್ಲಿರುವ ಪದ ಬಾಯಿಗೆ ಬರುವುದಿಲ್ಲ. ಈ ಹಂತವನ್ನು ವೈದ್ಯರು ಆರಾ ಎನ್ನುತ್ತಾರೆ. ಒಂದೊಂದು ಲಕ್ಷಣ ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ. ಆಮೇಲೆ ಹೆಚ್ಚಿನವರಿಗೆ ತಲೆ ಸಿಡಿಯತೊಡಗುತ್ತದೆ. ಮೈಗ್ರೇನ್ ಇದೆ ಎಂದು ತೋರಿಸಿಕೊಡುವ ರಕ್ತಪರೀಕ್ಷೆ ಇಂದಿಗೂ ಇಲ್ಲ. ಈ ರೋಗದ ಬಗ್ಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು, ಅದನ್ನು ಅನುಭವಿಸಿದವರೇ ಗಮನವಿಟ್ಟು ನೋಡಿ ಬರೆದಿಟ್ಟದ್ದರಿಂದ ಬಂದದ್ದು.

ಗ್ರೀಸಿನ ಹಿಪ್ಪೊಕ್ರಟಿಸನ ಹೆಸರಿನಲ್ಲಿ ಉಳಿದುಬಂದಿರುವ ಬರಹಗಳಲ್ಲಿ ಇಂಥ ಒಬ್ಬ ರೋಗಿಯ ವಿವರ ಸಿಗುತ್ತದೆ. ಬಲಗಣ್ಣಿನ ಮುಂದೆ ಬೆಳಕು ಹೊಳೆದಂತಾಗಿ, ಸ್ವಲ್ಪ ಹೊತ್ತಿಗೆ ಬಲ ಕಣತಲೆಯಲ್ಲಿ ತೀವ್ರ ನೋವೆದ್ದು, ತಲೆ ಕತ್ತುಗಳಿಗೆಲ್ಲ ಹರಡುತ್ತಿತ್ತು. ವಾಂತಿಯಾದ ಮೇಲೆ ಹಗುರವಾಗುತ್ತಿತ್ತು. ಕಪಡೋಸಿಯದ ಅರೆಟಿಯಸ್ ಎಂಬ ವೈದ್ಯ ಒಂದು ಪಕ್ಕದ ತಲೆನೋವಿನವರು ಬೆಳಕಿಗೆ ಹೆದರಿ ಕತ್ತಲನ್ನು ಹುಡುಕುವುದನ್ನು ಬರೆದ. ಅರ್ಧ ತಲೆಬುರುಡೆ ಎಂಬ ಅರ್ಥದಲ್ಲಿ ವೈದ್ಯ ಗೇಲನ್ ಇಟ್ಟ ಹೆಸರೇ ಬಾಯಿಂದ ಬಾಯಿಗೆ ಸವೆದು ಮೈಗ್ರೇನ್ ಆಯಿತು.

ಭಾರತದಲ್ಲಿ ಸುಶ್ರುತ ಸಂಹಿತೆಯ ಉತ್ತರತಂತ್ರ ಹನ್ನೊಂದು ಬಗೆಯ ಶಿರೋರೋಗಗಳನ್ನು ಹೇಳುತ್ತದೆ. ಅವುಗಳಲ್ಲಿ ಅರ್ಧಾವಭೇದಕ ಒಂದು: ತಲೆಯ ಅರ್ಧವನ್ನು ಸೀಳುವಂಥ ನೋವು, ಜೊತೆಗೆ ತಲೆಸುತ್ತು. ಅದು ಹತ್ತು ದಿನಕ್ಕೋ ಹದಿನೈದು ದಿನಕ್ಕೋ, ಇಲ್ಲವೆ ಇದ್ದಕ್ಕಿದ್ದಂತೆಯೋ ಬರುತ್ತದೆ ಎಂಬುದನ್ನೂ ಆ ಗ್ರಂಥ ಗುರುತಿಸಿದೆ. ಚರಕ ಸಂಹಿತೆಯ ಸಿದ್ಧಿಸ್ಥಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೋವನ್ನು ಕೆರಳಿಸುವ ಸಂಗತಿಗಳನ್ನೇ ಪಟ್ಟಿ ಮಾಡುತ್ತದೆ. ಜಿಡ್ಡಿಲ್ಲದ ಒಣ ಊಟ, ಉಂಡದ್ದು ಅರಗುವ ಮೊದಲೇ ಮತ್ತೆ ಉಣ್ಣುವುದು, ಮೂಡಣ ಗಾಳಿ, ಇಬ್ಬನಿ, ಮಲಮೂತ್ರಗಳ ತಡೆ, ಮೈದಣಿವು, ಅತಿಯಾದ ವ್ಯಾಯಾಮ ಇವೆಲ್ಲ ಅದರಲ್ಲಿವೆ. ವಾತಪಿತ್ತಗಳ ಮಾತನ್ನು ಬದಿಗಿಟ್ಟು ನೋಡಿದರೂ ಈ ಪಟ್ಟಿ ಬೆಲೆಯುಳ್ಳದ್ದು. ಊಟ, ಹವೆ, ದಣಿವು ಎಂಬ ಮೂರೂ ಇಂದಿನ ಆಸ್ಪತ್ರೆಯ ಪ್ರಶ್ನಾವಳಿಯಲ್ಲೂ ಇವೆ. ಕನ್ನಡನಾಡಿನ ಮನೆಗಳಲ್ಲಿ ಇದು ಅರೆತಲೆನೋವು, ಅರೆತಲೆಶೂಲೆ; ಶುಂಠಿ ತೇಯ್ದು ಹಣೆಗೆ ಪಟ್ಟು ಹಾಕಿ, ತಲೆಗೆ ಬಟ್ಟೆ ಬಿಗಿದು ಕತ್ತಲ ಕೋಣೆಯಲ್ಲಿ ಮಲಗುವುದು ಹಳೆಯ ರೂಢಿ.

ಯುರೋಪಿನ ಮಧ್ಯಯುಗದಿಂದ ಸಾಮಾನ್ಯವಾಗಿ ಎತ್ತಿ ಹೇಳುವ ಹೆಸರು ಜರ್ಮನಿಯ ಸನ್ಯಾಸಿನಿ ಬಿಂಗೆನ್ನಿನ ಹಿಲ್ಡೆಗಾರ್ಡ್ (1098–1179). ಆಕೆ ಕಂಡ ದರ್ಶನಗಳ ಚಿತ್ರಗಳಲ್ಲಿ ಹೊಳೆವ ಚುಕ್ಕೆಗಳೂ ಕೋಟೆಯಂಥ ಅಂಚುಗಳೂ ಇವೆ. ಅವು ಮೈಗ್ರೇನಿನ ಆರಾ ಇರಬೇಕೆಂದು 20ನೇ ಶತಮಾನದ ಆರಂಭದಲ್ಲಿ ವೈದ್ಯಕೀಯ ಇತಿಹಾಸಕಾರ ಚಾರ್ಲ್ಸ್ ಸಿಂಗರ್ ವಾದಿಸಿದರು. ಮುಂದೆ ನರವೈದ್ಯ ಆಲಿವರ್ ಸ್ಯಾಕ್ಸ್ ತಮ್ಮ ‘ಮೈಗ್ರೇನ್’ ಪುಸ್ತಕದಲ್ಲಿ ಆ ಮಾತನ್ನು ಎಲ್ಲರಿಗೂ ತಲುಪಿಸಿದರು. ಎಂಟು ಶತಮಾನಗಳ ಆಚೆಗಿರುವ ವ್ಯಕ್ತಿಗೆ ಚಿತ್ರ ನೋಡಿ ರೋಗ ಹೇಳುವುದು ಊಹೆಯೇ ಸರಿ. ಆಕೆಯ ಧ್ಯಾನ, ಸಂಗೀತ, ಚಿಂತನೆಗಳನ್ನೆಲ್ಲ ಒಂದು ತಲೆನೋವಿಗೆ ಇಳಿಸುವುದು ನ್ಯಾಯವೂ ಅಲ್ಲ.

ಇದಕ್ಕಿಂತ ಸ್ಪಷ್ಟವಾದ ದಾಖಲೆಗಳು ಸಿಗುವುದು 18ನೇ ಶತಮಾನದ ಕೊನೆಯಿಂದ. ಲಂಡನ್ನಿನ ವೈದ್ಯ ಜಾನ್ ಫಾದರ್‌ಗಿಲ್ ನೋವಿಗೆ ಮೊದಲು ಕಾಣುವ ಮಿಣುಗನ್ನು ವಿವರಿಸಿ, ತಪ್ಪನ್ನು ಊಟದ ಮೇಲೆ, ಅದರಲ್ಲೂ ಬೆಣ್ಣೆ ಮತ್ತು ಕೊಬ್ಬಿನ ಮೇಲೆ ಹೊರಿಸಿದ. 1824ರಲ್ಲಿ ವಿಲಿಯಂ ಹೈಡ್ ವುಲಸ್ಟನ್ ತನ್ನದೇ ಅನುಭವವನ್ನು ರಾಯಲ್ ಸೊಸೈಟಿಯ ಮುಂದಿಟ್ಟ. ಪಲ್ಲಾಡಿಯಂ ಮತ್ತು ರೋಡಿಯಂ ಲೋಹಗಳನ್ನು ಕಂಡುಹಿಡಿದ ರಸಾಯನವಿಜ್ಞಾನಿ ಈತ. ಬಹಳ ದಣಿಯುವಂಥ ವ್ಯಾಯಾಮವಾಗಿ ಎರಡು ಮೂರು ಗಂಟೆ ಕಳೆದಿತ್ತು. ಎದುರು ಬಂದವನ ಮುಖ ಅರ್ಧವೇ ಕಂಡಿತು. ಬಾಗಿಲ ಮೇಲಿನ ‘ಜಾನ್‌ಸನ್’ ಎಂಬ ಹೆಸರನ್ನು ಓದಲು ಹೋದರೆ ಕಂಡದ್ದು ‘ಸನ್’ ಮಾತ್ರ. ಕಾಲು ಗಂಟೆಯಲ್ಲಿ ಎಲ್ಲವೂ ಸರಿಹೋಯಿತು. ಒಂದು ಕಣ್ಣು ಮುಚ್ಚಿದರೂ ಎರಡನೆಯದನ್ನು ಮುಚ್ಚಿದರೂ ಅದೇ ಅರ್ಧ ಕಾಣೆಯಾದ್ದರಿಂದ, ಎರಡೂ ಕಣ್ಣುಗಳ ನರಗಳ ಒಂದೊಂದು ಪಾಲು ಮಿದುಳಿನ ಒಂದೇ ಪಕ್ಕಕ್ಕೆ ಹೋಗಿ ಸೇರುತ್ತದೆ ಎಂದು ಅವನು ತರ್ಕಿಸಿದ. ಆ ತರ್ಕ ಸರಿಯಾಗಿತ್ತು. 1828ರಲ್ಲಿ ಅವನು ತೀರಿಕೊಂಡಾಗ ಮಿದುಳಿನಲ್ಲಿ ಗೆಡ್ಡೆ ಸಿಕ್ಕಿತು. ಹಾಗಾಗಿ ಅವನಿಗೆ ಆದದ್ದು ಮೈಗ್ರೇನೋ ಅಲ್ಲವೋ ಎಂಬ ಚರ್ಚೆ ನಿಂತಿಲ್ಲ.

ಆರಾದ ನಿಜವಾದ ನಕ್ಷೆಕಾರರು ಒಬ್ಬ ತಂದೆ ಮತ್ತು ಒಬ್ಬ ಮಗ. ತಂದೆ ಜಾರ್ಜ್ ಬಿಡೆಲ್ ಏರಿ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ, ಬ್ರಿಟನ್ನಿನ ರಾಜ ಖಗೋಳಜ್ಞ. ಆಕಾಶಕಾಯಗಳ ಸ್ಥಾನ ಅಳೆದು ಪಳಗಿದ ಕಣ್ಣನ್ನು ಅವನು ತನ್ನೊಳಗಿನ ಬೆಳಕಿನ ಕಡೆಗೂ ತಿರುಗಿಸಿದ. ನೇರವಾಗಿ ನೋಡುತ್ತಿರುವ ವಸ್ತುವಿನಲ್ಲಿ ತುಸು ಮಬ್ಬು, ಆಮೇಲೆ ಸಣ್ಣ ಅಂಕುಡೊಂಕು ಕಮಾನು, ಅದು ಹಂತಹಂತವಾಗಿ ಹಿಗ್ಗುವ ಬಗೆ, ಇಷ್ಟನ್ನೂ 1865ರಲ್ಲಿ ಚಿತ್ರಸಹಿತ ಪ್ರಕಟಿಸಿದ. ಮಗ ಹ್ಯೂಬರ್ಟ್ ಏರಿ ವೈದ್ಯ. ಅವನಿಗೆ ಹದಿಹರೆಯದಿಂದಲೂ ಈ ತೊಂದರೆ ಇತ್ತು, ಹಿಂದೆಯೇ ಘೋರ ತಲೆನೋವೂ ಬರುತ್ತಿತ್ತು. 1870ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಅವನ ಚಿತ್ರಪುಟವನ್ನು ಇಂದು ನೋಡಿದರೂ ಆರಾ ಉಳ್ಳವರು ಇದು ತಮ್ಮದೇ ಎನ್ನುತ್ತಾರೆ. ಮೊದಲು ನೋಟದ ನಡುವಿನ ಹತ್ತಿರ ಒಂದು ಪುಟ್ಟ ಹೊಳಪು. ಅದು ಲಾಳದ ಆಕಾರಕ್ಕೆ ತೆರೆದುಕೊಂಡು ಒಳಗೆ ಕುರುಡು ಜಾಗ ಬಿಡುತ್ತದೆ. ಹೊರ ಅಂಚಿಗೆ ಗರಗಸದಂಥ ಹಲ್ಲುಗಳು, ನಡುವಿನ ಹತ್ತಿರ ಚಿಕ್ಕವು, ದೂರ ಸರಿದಂತೆ ದೊಡ್ಡವು. ಕೆಂಪು, ನೀಲಿ, ಹಳದಿ ಬಣ್ಣದ ಎಳೆಗಳು ಕುದಿಯುವಂತೆ ಅಲುಗುತ್ತವೆ. ಕೊತ್ತಲಗಳಿರುವ ಕೋಟೆಯೊಂದರ ನಕ್ಷೆಯನ್ನು ಇದು ಹೋಲುವುದರಿಂದ, ಕೋಟೆಗೋಡೆಯ ನೋಟ ಎಂಬ ಅರ್ಥ ಬರುವ ಗ್ರೀಕ್ ಮೂಲದ ಟೈಕಾಪ್ಸಿಯಾ ಎಂಬ ಹೆಸರನ್ನು ಅವನು ಬಳಕೆಗೆ ತಂದ. ನೋವಿನ ಹೊಸ್ತಿಲಲ್ಲಿ ಕುಳಿತು, ಗಾಬರಿಪಡದೆ ಗೆರೆಗಳನ್ನು ಹೀಗೆ ಗಮನಿಸಲು ಅಪಾರ ಸ್ಥೈರ್ಯ ಬೇಕು. ಈ ರೋಗದ ಅಧ್ಯಯನಕ್ಕೆ ಅಂದಿನ ಯಾವ ಉಪಕರಣವೂ ಕೊಡದಷ್ಟನ್ನು ಆ ಒಂದು ಪುಟ ಕೊಟ್ಟಿತು.

ಆ ಚಿತ್ರಗಳನ್ನು ತನ್ನ ಗ್ರಂಥದಲ್ಲಿ ಬಳಸಿಕೊಂಡ ಎಡ್ವರ್ಡ್ ಲಿವಿಂಗ್ 1873ರಲ್ಲಿ ಮೈಗ್ರೇನನ್ನು ನರಗಳಲ್ಲಿ ಏಳುವ ಬಿರುಗಾಳಿ ಎಂದು ವಿವರಿಸಿದ. ಅದೇ ವರ್ಷ ಪೀಟರ್ ಲೇದಮ್ ತದ್ವಿರುದ್ಧ ವಾದ ಹೂಡಿದ: ಮಿದುಳಿನ ರಕ್ತನಾಳಗಳು ಕುಗ್ಗುವುದರಿಂದ ಆರಾ, ಆಮೇಲೆ ಹಿಗ್ಗುವುದರಿಂದ ನೋವು. ನರವೋ ರಕ್ತನಾಳವೋ ಎಂಬ ಈ ಜಗಳ ನೂರು ವರ್ಷಕ್ಕೂ ಮೀರಿ ನಡೆಯಿತು. 1938ರಲ್ಲಿ ಅಮೆರಿಕದ ಜಾನ್ ಗ್ರಹಾಂ ಮತ್ತು ಹೆರಾಲ್ಡ್ ವುಲ್ಫ್, ಎರ್ಗೊಟಮಿನ್ ಚುಚ್ಚುಮದ್ದು ಕೊಟ್ಟಾಗ ಕಣತಲೆಯ ನಾಡಿಯ ಬಡಿತ ತಗ್ಗಿದಂತೆ ನೋವೂ ತಗ್ಗುವುದನ್ನು ದಾಖಲಿಸಿದರು. ಆಮೇಲೆ ಕೆಲವು ದಶಕಗಳ ಕಾಲ ಪಠ್ಯಪುಸ್ತಕಗಳು ರಕ್ತನಾಳದ ಪರವಾಗಿ ನಿಂತವು.

ಉತ್ತರ ಮಾತ್ರ ಬೇರೆ ದಿಕ್ಕಿನಿಂದ ಬಂತು. ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲಿ ತನ್ನ ಆರಾ ಸರಿಯುವುದನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತ ಹೋದ. ನೋಟದಲ್ಲಿ ಅದು ಸರಿದ ದೂರವನ್ನು ಮಿದುಳಿನ ಹೊರಪದರಕ್ಕೆ ಹೊಂದಿಸಿ ಲೆಕ್ಕ ಹಾಕಿದಾಗ ಸಿಕ್ಕ ವೇಗ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್. ಇದು 1941ರಲ್ಲಿ ಪ್ರಕಟವಾಯಿತು. 1944ರಲ್ಲಿ ಹಾರ್ವರ್ಡಿನಲ್ಲಿದ್ದ ಬ್ರೆಜಿಲಿನ ಅರಿಸ್ಟಿಡೆಸ್ ಲೆಯಾಂವ್, ಅಪಸ್ಮಾರದ ಅಧ್ಯಯನಕ್ಕೆಂದು ಮೊಲದ ಮಿದುಳನ್ನು ಪರೀಕ್ಷಿಸುತ್ತಿದ್ದಾಗ, ವಿದ್ಯುತ್ ಚಟುವಟಿಕೆ ಒಂದು ಕಡೆ ಆರಿಹೋಗಿ ಆ ಮೌನ ಅಲೆಯಂತೆ ಪಕ್ಕಕ್ಕೆ ಹಬ್ಬುವುದನ್ನು ಕಂಡ. ಅದರ ವೇಗವೂ ಹೆಚ್ಚುಕಡಿಮೆ ಅಷ್ಟೇ. ಮನುಷ್ಯನೊಬ್ಬನ ಕಾಗದದ ಗುರುತಿಗೂ ಮೊಲದ ಮಿದುಳಿನ ದಾಖಲೆಗೂ ಇರುವ ಈ ಹೊಂದಿಕೆಯನ್ನು 1958ರಲ್ಲಿ ಪೀಟರ್ ಮಿಲ್ನರ್ ಸ್ಪಷ್ಟವಾಗಿ ಎತ್ತಿ ತೋರಿಸಿದ. 1981ರಲ್ಲಿ ಕೋಪನ್‌ಹೇಗನ್ನಿನ ಯೆಸ್ ಉಲೆಸೆನ್ ಮತ್ತು ಸಂಗಡಿಗರು ಆರಾದ ವೇಳೆ ಮಿದುಳಿನ ಹಿಂದಿನಿಂದ ಮುಂದಕ್ಕೆ ರಕ್ತದ ಹರಿವು ತಗ್ಗುತ್ತ ಸಾಗುವುದನ್ನು ಅಳೆದರು. 2001ರಲ್ಲಿ ನೂಷಿನ್ ಹಾಜಿಖಾನಿ ತಂಡ ಆರಾವನ್ನು ಎಂಆರ್‌ಐ ಯಂತ್ರದೊಳಗೇ ಹಿಡಿಯಿತು. ಬ್ಯಾಸ್ಕೆಟ್‌ಬಾಲ್ ಆಡಿ ದಣಿದರೆ ಆರಾ ಬರುವ ಒಬ್ಬರು ಅದಕ್ಕೆ ನೆರವಾದರು. ಅಲೆಯ ವೇಗ ನಿಮಿಷಕ್ಕೆ 3.5 ಮಿಲಿಮೀಟರ್ ಎಂದು ಬಂತು.

ಹ್ಯೂಬರ್ಟ್ ಏರಿಯ ಚಿತ್ರದಲ್ಲಿನ ಹಲ್ಲುಗಳು ದೂರ ಸರಿದಂತೆ ದೊಡ್ಡದಾಗುವುದಕ್ಕೂ ಈ ಅಲೆಯೇ ಕಾರಣ. ನೋಟದ ನಡುಭಾಗಕ್ಕೆ ಮಿದುಳು ತನ್ನ ದೃಷ್ಟಿಪದರದಲ್ಲಿ ಬಹಳ ಜಾಗ ಕೊಟ್ಟಿದೆ, ಅಂಚಿಗೆ ಕೊಟ್ಟಿರುವುದು ಕಡಿಮೆ. ಅಲೆ ಒಂದೇ ವೇಗದಲ್ಲಿ ಹೋದರೂ ಕಾಣುವ ಕಮಾನು ಮೊದಲು ತೆವಳಿ, ಅಂಚಿಗೆ ಬಂದಂತೆ ದೊಡ್ಡದಾಗಿ ಓಡುತ್ತದೆ.

ಕೆರಳಿಸುವ ಕಾರಣಗಳ ಹುಡುಕಾಟ ಇಷ್ಟು ನೇರವಾದ ದಾರಿಯಲ್ಲಿ ಸಾಗಲಿಲ್ಲ. ಫಾದರ್‌ಗಿಲ್ ಊಟದ ಮೇಲೆ ಹೊರಿಸಿದ ದೂರು 20ನೇ ಶತಮಾನದಲ್ಲಿ ರಸಾಯನಶಾಸ್ತ್ರದ ಭಾಷೆಯಲ್ಲಿ ಮರಳಿ ಬಂತು. 1967ರಲ್ಲಿ ಬ್ರಿಟನ್ನಿನ ಎಡ್ಡಾ ಹ್ಯಾನಿಂಗ್ಟನ್ ಚೀಸ್‌ನಂಥ ಪದಾರ್ಥಗಳಲ್ಲಿರುವ ಟೈರಮಿನ್ ತಲೆನೋವು ತರುತ್ತದೆ ಎಂಬ ಪ್ರಾಥಮಿಕ ವರದಿ ಕೊಟ್ಟರು. ಅಲ್ಲಿಂದ ಚೀಸ್, ಚಾಕೊಲೇಟ್, ಕೆಂಪು ವೈನ್‌ಗಳ ನಿಷೇಧಪಟ್ಟಿ ವೈದ್ಯರ ಗೋಡೆಗಳನ್ನೇರಿತು. ಆದರೆ ಯಾರಿಗೆ ಏನು ಕೊಟ್ಟಿದೆ ಎಂಬುದನ್ನು ಮುಚ್ಚಿಟ್ಟು ಚಾಕೊಲೇಟನ್ನೂ ಅದೇ ರುಚಿಯ ನಕಲನ್ನೂ ತಿನ್ನಿಸಿ ನೋಡಿದ ಪ್ರಯೋಗದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಒಂದು ವಿವರಣೆಯನ್ನು ರೋಗಿಗಳ ದಿನಚರಿಯೇ ಒದಗಿಸಿತು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 97 ಜನ ಎಲೆಕ್ಟ್ರಾನಿಕ್ ದಿನಚರಿ ಇಟ್ಟರು. ಸುಸ್ತು, ಕತ್ತು ಬಿಗಿತ, ಗಮನ ಚದುರುವಿಕೆಯಂಥ ಮುನ್ಸೂಚನೆಗಳಿಂದಲೇ ಅವರು ಮುಂಬರುವ ತಲೆನೋವನ್ನು ನೂರಕ್ಕೆ 72 ಸಲ ಸರಿಯಾಗಿ ಹೇಳಿದ್ದರು. ಎಂದರೆ ರೋಗ ನೋವಿಗಿಂತ ಎಷ್ಟೋ ಗಂಟೆ ಮೊದಲೇ ಶುರುವಾಗಿರುತ್ತದೆ. ಆಗ ಹುಟ್ಟುವ ಸಿಹಿಯ ಆಸೆಗೆ ಚಾಕೊಲೇಟ್ ತಿಂದವರು, ಸಂಜೆ ನೋವು ಬಂದಾಗ ದೂರುವುದು ಚಾಕೊಲೇಟನ್ನೇ. ಬೆಳಕು ಚುಚ್ಚಿತು, ಅದಕ್ಕೇ ನೋವು ಬಂತು ಎನ್ನುವವರಲ್ಲೂ ಎಷ್ಟೋ ಜನರಿಗೆ ಬೆಳಕು ಚುಚ್ಚಿದ್ದೇ ರೋಗದ ಮೊದಲ ಗುರುತಾಗಿರಬಹುದು.

ಆರಾ ಇರುವವರ ಮೇಲೆಯೇ ನಡೆದ ಪರೀಕ್ಷೆ ಇನ್ನಷ್ಟು ಕಣ್ಣು ತೆರೆಸುವಂಥದು. ಪ್ರಖರ ಬೆಳಕು ಅಥವಾ ಕಠಿಣ ವ್ಯಾಯಾಮ ತಮಗೆ ಆರಾ ತರುತ್ತದೆ ಎಂದು ಹೇಳಿದ 27 ಜನರನ್ನು ಡೆನ್ಮಾರ್ಕಿನ ಸಂಶೋಧಕರು ಅವಕ್ಕೇ ಒಡ್ಡಿದರು. 2013ರಲ್ಲಿ ಹೊರಬಂದ ಫಲಿತಾಂಶದಂತೆ ಆರಾ ಬಂದದ್ದು 3 ಜನರಿಗೆ. ಇನ್ನು 3 ಜನರಿಗೆ ಆರಾ ಇಲ್ಲದ ಮೈಗ್ರೇನ್ ಬಂತು. ಬೆಳಕೊಂದರಿಂದಲೇ ಯಾರಿಗೂ ಬರಲಿಲ್ಲ. ಇದರಿಂದ ರೋಗಿಗಳು ಸುಳ್ಳು ಹೇಳಿದರು ಎಂದಾಗುವುದಿಲ್ಲ. ನಿದ್ದೆಗೆಟ್ಟ ರಾತ್ರಿ, ತಪ್ಪಿದ ಊಟ, ಮುಟ್ಟಿನ ದಿನಗಳು, ಒತ್ತಡ, ಒತ್ತಡ ಇಳಿದ ರಜಾದಿನ, ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕೂಡಿದಾಗ ಮಿದುಳು ತಾಳಿಕೊಳ್ಳಲಾರದೆ ಹೋಗುತ್ತದೆ. ಅವುಗಳಲ್ಲೊಂದನ್ನು ಬಿಡಿಯಾಗಿ ಎದುರಿಗಿಟ್ಟರೆ ಏನೂ ಆಗದಿರಬಹುದು.

ಭಾರತದ ವೈದ್ಯರು ಈ ಪಟ್ಟಿಗೆ ಇಲ್ಲಿನದೇ ಒಂದು ಸಂಗತಿ ಸೇರಿಸಿದ್ದಾರೆ: ತಲೆಸ್ನಾನ. ತಲೆಗೆ ನೀರು ಹಾಕಿಕೊಂಡ ದಿನ ನೋವು ತಪ್ಪದು ಎಂದು ಇಲ್ಲಿನ ಹೆಂಗಸರು ಹಿಂದಿನಿಂದಲೂ ಹೇಳುತ್ತ ಬಂದದ್ದನ್ನು ಮುಂಬೈಯ ಕೆ. ರವಿಶಂಕರ್ 94 ರೋಗಿಗಳ ವಿವರದೊಂದಿಗೆ 2006ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ದಾಖಲಿಸಿದರು. ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಜನರನ್ನು ವಿಚಾರಿಸಿದಾಗ, ವರ್ಷದೊಳಗೆ ಮೈಗ್ರೇನ್ ಕಂಡವರ ಪ್ರಮಾಣ ಶೇಕಡಾ 25.2 ಎಂದು ತಿಳಿಯಿತು. ಇದು ಪಟ್ಟಣದ ಕಚೇರಿಯವರ ಕಾಯಿಲೆ ಎಂಬ ನಂಬಿಕೆಗೆ ಆ ಅಧ್ಯಯನ ಯಾವ ಆಧಾರವನ್ನೂ ಉಳಿಸಲಿಲ್ಲ. ತಲೆನೋವಿನ ಹೊರೆ ಹಳ್ಳಿಗಳಲ್ಲೇ ಹೆಚ್ಚಿತ್ತು.

ಔಷಧಗಳ ಕಡೆ 1990ರ ದಶಕದ ಆರಂಭದಲ್ಲಿ ಸುಮಾಟ್ರಿಪ್ಟಾನ್ ಬಂತು, 2018ರಿಂದ ಸಿಜಿಆರ್‌ಪಿ ಎಂಬ ನರರಾಸಾಯನಿಕವನ್ನು ತಡೆಯುವ ಚುಚ್ಚುಮದ್ದುಗಳು ಬಂದವು. ಇವು ನೋವಿಗೆ ನೆರವಾದವು. ಶುರುವಾದ ಆರಾವನ್ನು ಅಲ್ಲಿಗೇ ನಿಲ್ಲಿಸುವ ಖಚಿತ ಮದ್ದು ಇನ್ನೂ ಕೈಗೆ ಬಂದಿಲ್ಲ. ಆದ್ದರಿಂದ ದಿನಚರಿಯ ಬೆಲೆ ತಗ್ಗಿಲ್ಲ. ನಿದ್ದೆ, ಊಟದ ಹೊತ್ತು, ಮುಟ್ಟಿನ ದಿನ, ದಣಿವು, ನುಂಗಿದ ಮಾತ್ರೆ ಇವನ್ನು ಆರಾ ಬಂದ ದಿನ ಬರೆದರಷ್ಟೇ ಸಾಲದು. ಏನೂ ಆಗದ ದಿನವೂ ಬರೆಯದಿದ್ದರೆ ಕಾಕತಾಳೀಯವೂ ಕಾರಣದಂತೆ ಕಾಣುತ್ತದೆ. ನೋವಿನ ಮಾತ್ರೆಯನ್ನು ತಿಂಗಳಲ್ಲಿ ಹತ್ತು ಹದಿನೈದು ದಿನ ನುಂಗತೊಡಗಿದರೆ ಆ ಮಾತ್ರೆಯೇ ತಲೆನೋವನ್ನು ಖಾಯಂ ಮಾಡಬಲ್ಲದು ಎಂಬುದೂ ಎಷ್ಟೋ ಜನರಿಗೆ ಗೊತ್ತಾಗುವುದು ಈ ದಿನಚರಿಯಿಂದಲೇ.

ಆರಾ ಇದೆ ಎಂಬುದನ್ನು ವೈದ್ಯರಿಗೆ ಹೇಳಲೇಬೇಕಾದ ಇನ್ನೊಂದು ಕಾರಣವಿದೆ. ಆರಾ ಉಳ್ಳವರಲ್ಲಿ ಪಾರ್ಶ್ವವಾಯುವಿನ ಸಂಭವ ತುಸು ಹೆಚ್ಚು. ಧೂಮಪಾನವೂ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯೂ ಅದನ್ನು ಮತ್ತಷ್ಟು ಏರಿಸುವುದರಿಂದ ಅಂಥ ಮಹಿಳೆಯರಿಗೆ ಬೇರೆ ವಿಧಾನವನ್ನು ಸೂಚಿಸುತ್ತಾರೆ. ಆರಾ ಮತ್ತು ಪಾರ್ಶ್ವವಾಯು ಎರಡನ್ನೂ ಬೇರ್ಪಡಿಸಲು ನೆರವಾಗುವುದು, ಏರಿ ಮತ್ತು ಲ್ಯಾಶ್ಲಿ ಗುರುತಿಸಿದ ಆ ನಿಧಾನಗತಿಯೇ. ಆರಾ ನಿಮಿಷಗಳಲ್ಲಿ ಹಬ್ಬುತ್ತದೆ, ಮಿಣುಗುತ್ತದೆ, ಒಂದರ ಹಿಂದೆ ಇನ್ನೊಂದು ಲಕ್ಷಣ ಬರುತ್ತದೆ. ಪಾರ್ಶ್ವವಾಯುವಿನಲ್ಲಿ ನೋಟವೋ ಕೈಕಾಲಿನ ಬಲವೋ ಸಾಮಾನ್ಯವಾಗಿ ಒಮ್ಮೆಲೇ ಹೋಗುತ್ತದೆ. ಹಾಗೆ ಒಮ್ಮೆಲೇ ಆದಾಗ, ಒಂದು ಗಂಟೆ ಮೀರಿದರೂ ಬಿಡದಿದ್ದಾಗ, ಅಥವಾ ಐವತ್ತು ದಾಟಿದವರಿಗೆ ಮೊದಲ ಸಲ ಬಂದಾಗ, ಅದನ್ನು ಮೈಗ್ರೇನ್ ಎಂದುಕೊಂಡು ಮಲಗದೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.