ತಿಮ್ಮ: ಅಂಕಿತನಾಮವು ರೂಢನಾಮವಾದ ಬಗೆ

ಕನ್ನಡದ ಸಾಂಪ್ರದಾಯಿಕ ವ್ಯಾಕರಣವು ವಸ್ತುವಾಚಕಗಳನ್ನು ರೂಢನಾಮ, ಅನ್ವರ್ಥನಾಮ, ಅಂಕಿತನಾಮ ಎಂದು ವಿಂಗಡಿಸುತ್ತದೆ. ಅಂಕಿತನಾಮವೊಂದು ಆಡುನುಡಿಯಲ್ಲಿ ರೂಢನಾಮವಾಗುವ ಪ್ರಕ್ರಿಯೆಯನ್ನು ‘ತಿಮ್ಮ’ ಪದದ ಮೂಲಕ ಇಲ್ಲಿ ಪರಿಶೀಲಿಸುತ್ತೇವೆ. ಹೆಚ್ಚು ಬಳಕೆಯಾದ ಹೆಸರು ಸವೆದು ಹೀನಾರ್ಥ ಪಡೆಯುತ್ತದೆ ಎಂಬ ವಿವರಣೆ ಸಾಲದು. ಗೌರವಸೂಚಕ ಉತ್ತರಪದದ ಲೋಪವೇ ನಿರ್ಣಾಯಕ ಎಂಬುದು ನಮ್ಮ ವಾದ.

‘ತಿಮ್ಮ’ವನ್ನು ‘ತಿರುಮಲ’ದ ಸಂಕ್ಷಿಪ್ತ ರೂಪವೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ತಿರುಪತಿಯ ದೇವರು ತಿಮ್ಮಪ್ಪ. ಕೃಷ್ಣದೇವರಾಯನ (ಆಳ್ವಿಕೆ 1509–1529) ಮಂತ್ರಿ ಸಾಳುವ ತಿಮ್ಮರಸ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯಲ್ಲಿ ತಿಮ್ಮಯ್ಯ, ತಿಮ್ಮೇಗೌಡ, ತಿಮ್ಮರಾಯಪ್ಪ, ತಿಮ್ಮಕ್ಕ ಎಂಬ ಹೆಸರುಗಳು ಸುಪರಿಚಿತ. ಇಲ್ಲಿ ಅನೇಕರ ಮನೆಮಾತು ತೆಲುಗು. ಆ ಭಾಷೆಯಲ್ಲಿ ‘ತಿಮ್ಮ’ ಎಂದರೆ ಕೋತಿ ಎಂಬ ಅರ್ಥವೂ ಉಂಟು. ಹಾಸ್ಯದ ಛಾಯೆಗೆ ಅದು ಇಂಬುಕೊಟ್ಟಿರಬಹುದು.

ಆದರೆ ‘ಎಂಥ ತಿಮ್ಮನಯ್ಯ ನೀನು!’ ಎಂಬ ವಾಕ್ಯದಲ್ಲಿ ‘ತಿಮ್ಮ’ನ ಸ್ಥಾನಕ್ಕೆ ತಿಮ್ಮಪ್ಪನಾಗಲಿ ತಿಮ್ಮೇಗೌಡನಾಗಲಿ ಬರಲಾರರು. ಅಪ್ಪ, ಅಯ್ಯ, ಗೌಡ, ಅರಸ ಎಂಬ ಉತ್ತರಪದಗಳು ಹೆಸರನ್ನು ವ್ಯಕ್ತಿಗೂ ಅವನ ಸ್ಥಾನಮಾನಕ್ಕೂ ಬಿಗಿಯುತ್ತವೆ. ಅವು ಕಳಚಿದಾಗ ಉಳಿಯುವ ರೂಪವು ದಡ್ಡ, ಪೆದ್ದ, ಹೆಡ್ಡ ಎಂಬ ಪದಗಳ ಅಚ್ಚಿನಲ್ಲೇ ಇದೆ: ಎರಡು ಅಕ್ಷರ, ನಡುವೆ ದ್ವಿತ್ವ, ಕೊನೆಗೆ ಅಕಾರ. ಬರಿಯ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದವರು ಮಕ್ಕಳು ಮತ್ತು ಆಳುಗಳು. ಆದ್ದರಿಂದ ಪದದ ಅರ್ಥಾಪಕರ್ಷದಲ್ಲಿ ಸಂಬೋಧನೆಯ ಸಾಮಾಜಿಕ ಶ್ರೇಣಿಯೂ ದಾಖಲಾಗಿದೆ. ವೆಂಕಟೇಶ, ನಾರಾಯಣ, ಶ್ರೀನಿವಾಸರು ‘ಎಂಕ, ನಾಣಿ, ಸೀನ’ರಾಗಿ ಯಾರೋ ಒಬ್ಬರನ್ನು ಸೂಚಿಸುವುದೂ ಇದೇ ಹಾದಿಯಲ್ಲಿ.

ಇಂಗ್ಲಿಷಿನ ‘ಗೈ’ ಪದದ ಚರಿತ್ರೆ ಬೇರೆ. 1605ರ ಸಂಚಿನ ಗೈ ಫಾಕ್ಸ್‌ನ ಹೆಸರು ಮೊದಲು ಅವನ ಪ್ರತಿಕೃತಿಗೆ, ಬಳಿಕ ವಿಚಿತ್ರ ವೇಷದವನಿಗೆ, ಕೊನೆಗೆ ಯಾವನೇ ಗಂಡಸಿಗೆ ಸಂದಿತು. ಅಲ್ಲಿ ಒಬ್ಬ ವ್ಯಕ್ತಿಯಿದ್ದಾನೆ. ತಿಮ್ಮನ ಹಿಂದೆ ಅಂಥ ಒಬ್ಬನಿಲ್ಲ.

ಈ ಪದದ ಚರಿತ್ರೆ ಹೀನಾರ್ಥದಲ್ಲೇ ಮುಗಿಯುವುದಿಲ್ಲ. ಹೊಸಕೋಟೆಯ ಪೂರ್ವಕ್ಕಿರುವ ಕೋಲಾರ ಸೀಮೆಯ ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು 1943ರಲ್ಲಿ ಪ್ರಕಟಿಸಿದ ‘ಮಂಕುತಿಮ್ಮನ ಕಗ್ಗ’ದಲ್ಲಿ ಅದನ್ನೇ ಪದ್ಯಾಂತ್ಯದ ಅಂಕಿತವಾಗಿ ಆರಿಸಿಕೊಂಡರು. ‘ಮಂಕು’ ಎಂಬ ವಿಶೇಷಣ ಹಾಗೆಯೇ ಉಳಿದರೂ ಅದು ಈಗ ವಿವೇಕಿಯ ವಿನಯವನ್ನು ಸೂಚಿಸುತ್ತದೆ. ವ್ಯಾಕರಣದ ಅಂಕಿತನಾಮ ರೂಢನಾಮವಾಗಿ, ಕಾವ್ಯದ ಅಂಕಿತವಾಗಿ ಮರಳಿತು. ಅರ್ಥಾಪಕರ್ಷವನ್ನು ಏಕಮುಖ ಚಲನೆಯೆಂದು ಭಾವಿಸುವ ಮುನ್ನ ತಿಮ್ಮನನ್ನು ನೆನೆಯಬೇಕು.