ಚಲಿಸುವ ವಸ್ತುವಿನ ಕ್ಷ-ಕಿರಣ ಚಿತ್ರಣ: ಗುಂಡಿನಿಂದ ಗುಂಡಿಗೆಯವರೆಗೆ

ವೇಗವಾಗಿ ಚಲಿಸುತ್ತಿರುವ ವಸ್ತುವಿನ ಒಳಭಾಗವನ್ನು ಅತ್ಯಲ್ಪ ಅವಧಿಯ ಕ್ಷ-ಕಿರಣಗಳಿಂದ ಸೆರೆಹಿಡಿಯುವ ವಿಧಾನವೇ ಅತಿವೇಗದ ಕ್ಷ-ಕಿರಣ ಚಿತ್ರಣ. ನಳಿಗೆಯಿಂದ ಚಿಮ್ಮಿದ ಗುಂಡು, ಸ್ಫೋಟದಲ್ಲಿ ಸಿಡಿಯುವ ಲೋಹ, ಎದೆಗೂಡಿನೊಳಗೆ ಬಡಿಯುವ ಹೃದಯ ಇವು ಮೂರೂ ಬರಿಗಣ್ಣಿಗಾಗಲಿ ಸಾಮಾನ್ಯ ಕ್ಯಾಮೆರಾಕ್ಕಾಗಲಿ ತಮ್ಮ ಒಳಗನ್ನು ತೋರಿಸವು. ಹೊಗೆ, ಜ್ವಾಲೆ, ಮಾಂಸಖಂಡಗಳ ಮರೆಯನ್ನು ಭೇದಿಸಬಲ್ಲ ಕ್ಷ-ಕಿರಣವೇ ಇಲ್ಲಿ ಕಣ್ಣು.

ಮಸುಕಿನ ಲೆಕ್ಕ

ಕಿರಣ ಹಾಯುವ ಅವಧಿಯಲ್ಲಿ ವಸ್ತು ಎಷ್ಟು ದೂರ ಸರಿಯುವುದೋ ಚಿತ್ರ ಅಷ್ಟು ಮಸುಕಾಗುತ್ತದೆ. ಸೆಕೆಂಡಿಗೆ 800 ಮೀಟರ್ ವೇಗದ ಗುಂಡು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 80 ಸೆಂ.ಮೀ. ಮುಂದೆ ಸಾಗಿರುತ್ತದೆ. ಅದೇ ಅವಧಿಯನ್ನು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕೆ ಇಳಿಸಿದರೆ ಸರಿಯುವುದು 0.8 ಮಿ.ಮೀ. ಮಾತ್ರ. ಹೃದಯಕ್ಕೆ ಅಷ್ಟು ವೇಗವಿಲ್ಲವಾದರೂ ಅದರ ರಕ್ತನಾಳಗಳು ಸಣ್ಣವು. 3-4 ಮಿ.ಮೀ. ವ್ಯಾಸದ ನಾಳವೊಂದು ಸೆಕೆಂಡಿಗೆ 10 ಸೆಂ.ಮೀ. ವೇಗದಲ್ಲಿ ತುಯ್ದಾಡಿದರೆ, ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿಯೇ 1 ಮಿ.ಮೀ. ಮಸುಕು ಉಂಟಾಗುತ್ತದೆ, ಅಡಚಣೆಯ ಅಂಚು ಅಸ್ಪಷ್ಟವಾಗಲು ಇಷ್ಟು ಸಾಕು.

ಅವಧಿ ಕಡಿಮೆಯಾದಂತೆ ಅಷ್ಟೇ ಕಿರಣಗಳನ್ನು ಇನ್ನೂ ಕಿರಿದಾದ ಕಾಲದಲ್ಲಿ ಹೊಮ್ಮಿಸಬೇಕಾಗುತ್ತದೆ. ಆಗ ಕ್ಷ-ಕಿರಣ ನಳಿಕೆಯೊಳಗಿನ ಲೋಹದ ಗುರಿ ವಿಪರೀತ ಕಾಯುತ್ತದೆ. ಆದ್ದರಿಂದಲೇ ಆಸ್ಪತ್ರೆಯ ನಳಿಕೆಗಳಲ್ಲಿ ಈ ಗುರಿಯು ಸದಾ ತಿರುಗುವ ತಟ್ಟೆಯ ರೂಪದಲ್ಲಿರುತ್ತದೆ.

ನಡೆದುಬಂದ ದಾರಿ

ವಿಲ್ಹೆಲ್ಮ್ ರಾಂಟ್ಜೆನ್ 1895ರ ನವೆಂಬರ್ 8ರಂದು ಕ್ಷ-ಕಿರಣಗಳನ್ನು ಕಂಡುಹಿಡಿದನು. ಆರಂಭದ ಚಿತ್ರಗಳಿಗೆ ಹಲವು ನಿಮಿಷಗಳ ಕಾಲ ಅಲುಗಾಡದೆ ಇರಬೇಕಾಗಿತ್ತು. ಆದರೂ 1897ರಲ್ಲಿಯೇ ಗ್ಲಾಸ್ಗೋದ ವೈದ್ಯ ಜಾನ್ ಮ್ಯಾಕಿನ್‌ಟೈರ್ ಕಪ್ಪೆಯ ಕಾಲಿನ ಚಲನೆಯನ್ನು ಕ್ಷ-ಕಿರಣ ಚಲನಚಿತ್ರವಾಗಿ ತೋರಿಸಿದನು. 1938ರಲ್ಲಿ ಜರ್ಮನಿಯ ಮ್ಯಾಕ್ಸ್ ಸ್ಟೀನ್‌ಬೆಕ್ ಹಾಗೂ ಅಮೆರಿಕದ ಕಿಂಗ್‌ಡನ್ ಮತ್ತು ಟಾನಿಸ್ ಪ್ರತ್ಯೇಕವಾಗಿ ಮಿಂಚಿನಂತಹ ಕ್ಷ-ಕಿರಣ ಹೊಮ್ಮಿಸುವ ನಳಿಕೆಗಳನ್ನು ರೂಪಿಸಿದರು. ಫ್ಲಾಶ್ ರೇಡಿಯೋಗ್ರಫಿ ಎಂಬ ಈ ವಿಧಾನ ಗುಂಡು, ಕವಚ, ಸ್ಫೋಟಕಗಳ ಪರೀಕ್ಷೆಗೆ ಬಳಕೆಯಾಯಿತು.

ಹೃದಯದ ಕಥೆ ಆಕಸ್ಮಿಕದಿಂದ ಆರಂಭವಾಯಿತು. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಡಾ. ಮೇಸನ್ ಸೋನ್ಸ್ ಮಹಾಪಧಮನಿಗೆ ಬಣ್ಣದ ದ್ರವವನ್ನು ಹರಿಸುತ್ತಿದ್ದಾಗ ಅದು ಹೃದಯದ ಬಲ ಧಮನಿಗೇ ನುಗ್ಗಿತು. ರೋಗಿಯ ಹೃದಯ ಕೆಲವು ಕ್ಷಣ ನಿಂತು, ಕೆಮ್ಮಿದ ಬಳಿಕ ಮತ್ತೆ ಬಡಿಯತೊಡಗಿತು. ಹೃದಯದ ಧಮನಿಗಳನ್ನೇ ನೇರವಾಗಿ ಚಿತ್ರಿಸಬಹುದೆಂಬುದು ಅಂದು ಸಾಬೀತಾಯಿತು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಅದೇ ಚಿತ್ರದ ಮಾರ್ಗದರ್ಶನದಲ್ಲಿ ಮೊದಲ ಬಲೂನ್ ಆಂಜಿಯೋಪ್ಲಾಸ್ಟಿ ನಡೆಸಿದನು.

ಶ್ರೀನಗರದ ನೆರೆಯಲ್ಲಿ

ಶ್ರೀನಗರ, ಹನುಮಂತನಗರ, ಬನಶಂಕರಿ ಭಾಗದ ನಿವಾಸಿಗಳಿಗೆ ಈ ತಂತ್ರಜ್ಞಾನ ದೂರದ್ದಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿರುವ ಸರ್ಕಾರಿ ಸ್ವಾಯತ್ತ ಸಂಸ್ಥೆ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯ ಕ್ಯಾಥ್‌ಲ್ಯಾಬ್‌ಗಳಲ್ಲಿ ಇದು ದಿನನಿತ್ಯದ ಕಾರ್ಯ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಿದುಳಿನ ರಕ್ತನಾಳಗಳನ್ನು ಇದೇ ತತ್ತ್ವದಿಂದ ಪರೀಕ್ಷಿಸಲಾಗುತ್ತದೆ.

ರೋಗಿಯ ಮಣಿಕಟ್ಟು ಅಥವಾ ತೊಡೆಸಂದಿನ ಧಮನಿಯ ಮೂಲಕ ತೆಳುವಾದ ಕೊಳವೆಯನ್ನು ಹೃದಯದವರೆಗೆ ತೂರಿಸಿ, ಅಯೋಡಿನ್ ಬೆರೆತ ದ್ರವವನ್ನು ಹರಿಸುತ್ತಾರೆ. ಅಯೋಡಿನ್ ಕ್ಷ-ಕಿರಣಗಳನ್ನು ಹೀರಿಕೊಳ್ಳುವುದರಿಂದ ರಕ್ತನಾಳ ಕಪ್ಪು ಗೆರೆಯಾಗಿ ಕಾಣುತ್ತದೆ. ಸೆಕೆಂಡಿಗೆ ಸಾಮಾನ್ಯವಾಗಿ 15 ಚಿತ್ರಗಳು. ಪ್ರತಿಯೊಂದಕ್ಕೂ ಸೆಕೆಂಡಿನ ಕೆಲವೇ ಸಾವಿರಾಂಶದ ಕಿರಣ. ಗೆರೆ ಎಲ್ಲಿ ಸಣ್ಣದಾಗುವುದೋ ಅಲ್ಲಿ ಅಡಚಣೆ. ಹೃದಯಾಘಾತವಾದಾಗ ರೋಗಿ ಇಂತಹ ಆಸ್ಪತ್ರೆಯ ಬಾಗಿಲು ತಲುಪಿದ 90 ನಿಮಿಷದೊಳಗೆ ನಾಳ ತೆರೆಯಬೇಕೆಂಬುದು ವೈದ್ಯಲೋಕ ಒಪ್ಪಿದ ಗುರಿ. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತದೆ. ಸತ್ತ ಸ್ನಾಯು ಮರಳಿ ಬಾರದು.

ಬೆಂಗಳೂರಿನ ಕೊಡುಗೆ

ದೇಹದ ಸುತ್ತ ತಿರುಗುತ್ತ ಚಿತ್ರಿಸುವ ಸಿ.ಟಿ. ಯಂತ್ರದಲ್ಲಿಯೂ ವೇಗವೇ ಸವಾಲು. ಸಾವಿರಾರು ನೆರಳುಗಳಿಂದ ಒಂದು ಚಿತ್ರವನ್ನು ಕಟ್ಟುವ ಗಣಿತವನ್ನು 1971ರಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮಿನಾರಾಯಣನ್ ಬಹುವಾಗಿ ಸರಳಗೊಳಿಸಿದರು. ರಾಮಚಂದ್ರನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದವರು. ‘ರಾಮ್-ಲಾಕ್ ಫಿಲ್ಟರ್’ ಎಂದು ಅವರಿಬ್ಬರ ಹೆಸರಿನಿಂದಲೇ ಆ ವಿಧಾನ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಉಳಿದಿದೆ. 2005ರಲ್ಲಿ ಎರಡು ನಳಿಕೆಗಳುಳ್ಳ ಸಿ.ಟಿ. ಯಂತ್ರಗಳು ಬಂದ ಮೇಲೆ, ಬಡಿಯುವ ಹೃದಯದ ಚಿತ್ರಕ್ಕೆ ಬೇಕಾಗುವ ಅವಧಿ ಸೆಕೆಂಡಿನ ಹನ್ನೆರಡನೆಯ ಒಂದು ಭಾಗಕ್ಕೆ ಇಳಿಯಿತು. ಹಾಗಿದ್ದರೂ ಪರೀಕ್ಷೆಗೆ ಮುನ್ನ ನಾಡಿಬಡಿತ ತಗ್ಗಿಸುವ ಔಷಧ ಕೊಡುವ ರೂಢಿ ಇದೆ.

ಸ್ಪಷ್ಟತೆಗೆ ತೆರಬೇಕಾದ ಬೆಲೆ

ಚಿತ್ರಗಳ ಸಂಖ್ಯೆ ಹೆಚ್ಚಿದಷ್ಟೂ ವಿಕಿರಣವೂ ಹೆಚ್ಚು. ಆದ್ದರಿಂದ ಸೆಕೆಂಡಿಗೆ 15ರ ಬದಲು 7.5 ಚಿತ್ರಗಳು ಸಾಕಾದಲ್ಲಿ ಅಷ್ಟಕ್ಕೇ ನಿಲ್ಲಿಸುವುದು ವಿವೇಕ. ರೋಗಿ ಒಮ್ಮೆ ಬಂದು ಹೋಗುತ್ತಾನೆ. ವೈದ್ಯರು, ದಾದಿಯರು, ತಂತ್ರಜ್ಞರು ವರ್ಷವಿಡೀ ಅಲ್ಲಿಯೇ ಇರುತ್ತಾರೆ. ಅವರು ಧರಿಸುವ ಸೀಸದ ಅಂಗಿ, ಕತ್ತಿನ ಪಟ್ಟಿ, ಸೀಸದ ಕನ್ನಡಕ, ಎದೆಯ ಮೇಲಿನ ಟಿ.ಎಲ್.ಡಿ. ಬ್ಯಾಡ್ಜ್ ಇವೆಲ್ಲ ಇದೇ ಕಾರಣಕ್ಕೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಇಂತಹ ಸಿಬ್ಬಂದಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿ.

ಅಯೋಡಿನ್ ದ್ರವದಿಂದ ಮೂತ್ರಪಿಂಡಕ್ಕೆ ತೊಂದರೆಯಾಗುವ ಸಂಭವವೂ ಉಂಟು. ಮೂತ್ರಪಿಂಡದ ಕಾಯಿಲೆ, ಮಧುಮೇಹ, ಹಿಂದಿನ ಅಲರ್ಜಿ ಅಥವಾ ಗರ್ಭಧಾರಣೆ ಇದ್ದಲ್ಲಿ ಪರೀಕ್ಷೆಗೆ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಆದರೆ ಎದೆನೋವು ತೀವ್ರವಾಗಿರುವಾಗ ವಿಕಿರಣದ ಭಯದಿಂದ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದು ಸಲ್ಲದು. ಆ ಹೊತ್ತಿನಲ್ಲಿ ಕಳೆದುಹೋಗುವ ನಿಮಿಷಗಳೇ ಹೆಚ್ಚು ಅಪಾಯಕಾರಿ.