ಹೆಬ್ಬೆರಳು ಬಿಟ್ಟವರ ಆಟ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಆರೆಂಜ್ ಎಂಬ ಊರಿದೆ. ಜೇಸನ್ ಬೆಲ್ಮಾಂಟೆ ಹುಟ್ಟಿದ್ದು ಅಲ್ಲೇ, 1983ರಲ್ಲಿ. ಅವನು ಕೈಗೂಸಾಗಿದ್ದಾಗ ಅಪ್ಪ ಆಲ್ಡೊ, ಅಮ್ಮ ಮರೀಸಾ ಊರಿನಲ್ಲಿ ಬೌಲಿಂಗ್ ಕೇಂದ್ರ ತೆರೆದರು. ಒಂದೂವರೆ ವರ್ಷಕ್ಕೇ ಮಗು ಚೆಂಡಿನ ಸಹವಾಸಕ್ಕೆ ಬಿತ್ತು. ಕೈಗೆ ಸಿಕ್ಕ ಚೆಂಡಿನ ತೂಕ ಹತ್ತು ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕಿಲೋ. ಅದನ್ನು ಒಂದು ಕೈಯಲ್ಲಿ ಎತ್ತುವುದು ಹೇಗೆ? ಮಗು ಎರಡೂ ಕೈಯಲ್ಲಿ ತಬ್ಬಿ ಹಿಡಿದು ನೂಕಿತು.

ಎಲ್ಲ ಮಕ್ಕಳೂ ಹೀಗೇ ನೂಕುತ್ತವೆ. ಸ್ವಲ್ಪ ಬೆಳೆದ ಮೇಲೆ ದೊಡ್ಡವರು ತಿದ್ದುತ್ತಾರೆ: ಹೆಬ್ಬೆರಳನ್ನು ಚೆಂಡಿನ ತೂತಿಗೆ ಹಾಕು, ಒಂದೇ ಕೈಯಲ್ಲಿ ಬೀಸು. ಬೆಲ್ಮಾಂಟೆಗೂ ಈ ಮಾತು ಮತ್ತೆ ಮತ್ತೆ ಕೇಳಿಬಂತು. ಅವನು ಒಪ್ಪಲಿಲ್ಲ. ಟೆನ್‌ಪಿನ್ ಬೌಲಿಂಗ್‌ನ ಇತ್ತೀಚಿನ ಚರಿತ್ರೆ ಬಹುಮಟ್ಟಿಗೆ ಈ ಹಟದಿಂದ ಹೊರಟದ್ದು.

ನಮ್ಮಲ್ಲಿ ಬೌಲಿಂಗ್ ಎಂದರೆ ಮೊದಲು ನೆನಪಾಗುವುದು ಕ್ರಿಕೆಟ್. ಟೆನ್‌ಪಿನ್ ಬೇರೆಯೇ ಆಟ. ಅರವತ್ತು ಅಡಿ ಉದ್ದ, ಮೂರೂವರೆ ಅಡಿಗಿಂತ ಕೊಂಚ ಕಡಿಮೆ ಅಗಲದ ಹಲಗೆಯ ಹಾದಿ. ಆಟಗಾರರು ಅದನ್ನು ಲೇನ್ ಎನ್ನುತ್ತಾರೆ. ಆ ತುದಿಯಲ್ಲಿ ತ್ರಿಕೋನಾಕಾರದಲ್ಲಿ ನಿಂತ ಹತ್ತು ಪಿನ್‌ಗಳು. ಒಂದೇ ಎಸೆತಕ್ಕೆ ಹತ್ತೂ ಉರುಳಿದರೆ ಸ್ಟ್ರೈಕ್. ಉಳಿದವನ್ನು ಎರಡನೇ ಎಸೆತದಲ್ಲಿ ಬೀಳಿಸಿದರೆ ಸ್ಪೇರ್. ಸತತ ಹನ್ನೆರಡು ಸ್ಟ್ರೈಕ್ ಹೊಡೆದವರಿಗೆ ಪೂರ್ಣಾಂಕ, 300. ಜರ್ಮನ್ ವಲಸಿಗರೊಂದಿಗೆ ಅಮೆರಿಕಕ್ಕೆ ಬಂದ ಒಂಬತ್ತು ಪಿನ್‌ಗಳ ಆಟ ಅಲ್ಲಿ ಹತ್ತು ಪಿನ್‌ಗಳದಾಗಿ ಬೆಳೆಯಿತು. 1895ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಚೆಂಡಿನ ಗಾತ್ರ, ಲೇನಿನ ಅಳತೆ, ಅಂಕದ ಲೆಕ್ಕ ಎಲ್ಲಕ್ಕೂ ಒಂದು ಕಟ್ಟುಪಾಡು ತಂದಿತು. ಚೆಂಡು ಹದಿನಾರು ಪೌಂಡ್ ಮೀರಕೂಡದು, ಎಸೆತ ಮನುಷ್ಯನ ಬಲದಿಂದಲೇ ಆಗಬೇಕು, ಲೇನಿನ ಆರಂಭದ ಗೆರೆ ತುಳಿಯಕೂಡದು. ಎಸೆಯುವವರು ಒಂದು ಕೈ ಬಳಸಬೇಕೋ ಎರಡೋ ಎಂಬ ಬಗ್ಗೆ ನಿಯಮ ಏನೂ ಹೇಳಲಿಲ್ಲ. ಒಂದೇ ಕೈ ಎಂಬುದು ರೂಢಿಯಷ್ಟೇ. ಆದರೆ ನೂರು ವರ್ಷ ನಡೆದುಬಂದ ರೂಢಿ ಕಾನೂನಿನಷ್ಟೇ ಗಟ್ಟಿಯಾಗಿತ್ತು.

ಆ ರೂಢಿಗೆ ಕಾರಣವೂ ಇತ್ತು. ಹಳೆಯ ಚೆಂಡುಗಳು ಲಿಗ್ನಂ ವೈಟೆ ಎಂಬ ಗಟ್ಟಿ ಮರದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಟ್ಟಿ ರಬ್ಬರಿನವು ಬಂದವು. ಇಂಥ ಚೆಂಡಿಗೆ ಎಷ್ಟೇ ಸುತ್ತು ಕೊಟ್ಟರೂ ಅದು ಹಲಗೆಯನ್ನು ಹೆಚ್ಚು ಕಚ್ಚುವುದಿಲ್ಲ. ಹಾಗಾಗಿ ಗುರಿ ನೇರವಿರಬೇಕು, ಕೈ ಗಡಿಯಾರದ ಲೋಲಕದಂತೆ ತೂಗಬೇಕು. ಆಗಿನ ಒಳ್ಳೆಯ ಶೈಲಿ ಅದು.

1970ರ ದಶಕದಲ್ಲಿ ಈ ಚಿತ್ರ ಕದಡಿತು. ಪ್ಲಾಸ್ಟಿಕ್ ಚೆಂಡನ್ನು ರಾಸಾಯನಿಕದಲ್ಲಿ ನೆನೆಸಿ ಮೆತ್ತಗೆ ಮಾಡಿದರೆ ಅದು ಹಲಗೆಯನ್ನು ಚೆನ್ನಾಗಿ ಕಚ್ಚುತ್ತದೆ ಎಂಬುದನ್ನು ಡಾನ್ ಮೆಕ್ಯೂನ್ ತೋರಿಸಿದರು. 1973ರಲ್ಲಿ ವೃತ್ತಿಪರ ಬೌಲರ್‌ಗಳ ಸಂಘವಾದ ಪಿಬಿಎಯ ವರ್ಷದ ಆಟಗಾರ ಅವರೇ. ಬಳಿಕ ಚೆಂಡಿನ ಗಡಸುತನಕ್ಕೂ ಮಿತಿ ಬಂತು. ಅದೇ ದಶಕದಲ್ಲಿ ಮಾರ್ಕ್ ರಾತ್ ಮೇಲೆ ಬಂದರು. ಮಣಿಕಟ್ಟಿನ ಬಲದಿಂದ ಚೆಂಡನ್ನು ಬುಗುರಿಯಂತೆ ತಿರುಗಿಸಿ ಎಸೆಯುವ ಅವರ ರಭಸ ಹಳಬರ ಕಣ್ಣಿಗೆ ಒರಟಾಗಿ ಕಂಡಿತು. ಆದರೆ 1977, 78, 79 ಸತತ ಮೂರು ವರ್ಷ ಅವರೇ ವರ್ಷದ ಆಟಗಾರ. ಮುಂದೆ 1980ರ ದಶಕದಲ್ಲಿ ಯುರೆಥೇನ್ ಚೆಂಡು, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಚೆಂಡು ಬಂದವು. ಲೇನಿನ ಮೊದಲ ಸುಮಾರು ನಲವತ್ತು ಅಡಿಗೆ ಎಣ್ಣೆ ಸವರಿರುತ್ತಾರೆ. ರೆಸಿನ್ ಚೆಂಡು ಎಣ್ಣೆಯ ಮೇಲೆ ಜಾರುತ್ತ ಹೋಗಿ, ಒಣ ಹಲಗೆ ಸಿಕ್ಕ ಕೂಡಲೇ ಥಟ್ಟನೆ ಒಳಗೆ ತಿರುಗುತ್ತದೆ. ಸುತ್ತು ಹೆಚ್ಚಿದ್ದಷ್ಟೂ ಆ ತಿರುವು ಚುರುಕು. ಚೆಂಡು ಪಿನ್‌ಗಳ ಗುಂಪಿಗೆ ಸುಮಾರು ಆರು ಡಿಗ್ರಿ ಓರೆಯಲ್ಲಿ ನುಗ್ಗಿದರೆ ಸ್ಟ್ರೈಕ್‌ನ ಸಾಧ್ಯತೆ ಹೆಚ್ಚು. ಹೀಗೆ ಆಟದ ಸಾಮಗ್ರಿಯೇ ಹೆಚ್ಚು ಸುತ್ತು ಕೇಳುವ ಕಾಲ ಬಂತು. ಆರೆಂಜ್‌ನ ಹುಡುಗ ಬೆಳೆದು ದೊಡ್ಡವನಾದದ್ದು ಆ ಹೊತ್ತಿಗೆ.

ಎರಡು ಕೈಯ ಎಸೆತ ಎಂದರೂ ಕೊನೆಯ ಕೆಲಸ ಒಂದೇ ಕೈಯದು. ಬಲಗೈ ಆಟಗಾರ ನಡುಬೆರಳು, ಉಂಗುರ ಬೆರಳುಗಳನ್ನಷ್ಟೇ ತೂತುಗಳಿಗೆ ಹಾಕುತ್ತಾನೆ. ಹೆಬ್ಬೆರಳು ಹೊರಗೇ. ಎಡಗೈ ಚೆಂಡಿನ ಮೇಲೆ, ಮುಂಭಾಗದಲ್ಲಿ ಆತುಕೊಂಡಿರುತ್ತದೆ. ಚೆಂಡು ಹಿಂದಕ್ಕೆ ಹೋಗಿ ಮುಂದಕ್ಕೆ ಬರುವವರೆಗೂ ಎಡಗೈಯ ಆಸರೆ ಇದ್ದೇ ಇರುತ್ತದೆ. ಕಾಲಿನ ಹತ್ತಿರ ಬಂದಾಗ ಎಡಗೈ ಕಳಚುತ್ತದೆ, ಬಲಗೈಯ ಬೆರಳುಗಳು ಚೆಂಡನ್ನು ಮೀಟಿ ಬಿಡುತ್ತವೆ. ಮಾರ್ಕ್ ರಾತ್ ಮಣಿಕಟ್ಟನ್ನು ಹಿಂಡಿ ಪಡೆದ ಸುತ್ತು ಇಲ್ಲಿ ಆಸರೆಯ ಕೈಯಿಂದಾಗಿ ಸಲೀಸಾಗಿ ಸಿಗುತ್ತದೆ. ಬೆಲ್ಮಾಂಟೆಯ ಚೆಂಡು ನಿಮಿಷಕ್ಕೆ ಐನೂರಕ್ಕೂ ಹೆಚ್ಚು ಸುತ್ತಿನ ವೇಗದಲ್ಲಿ ತಿರುಗುತ್ತದೆ. ಹೆಬ್ಬೆರಳು ಕಳೆದುಕೊಂಡ ಏಕಲವ್ಯನ ಬಿಲ್ವಿದ್ಯೆ ಕುಂದಿತು. ಎರಡು ಕೈಯ ಆಟಗಾರರಿಗೆ ಹೆಬ್ಬೆರಳು ಬಿಟ್ಟದ್ದೇ ಬಲವಾಯಿತು.

ಈ ಹಾದಿಯಲ್ಲಿ ಬೆಲ್ಮಾಂಟೆ ಮೊದಲಿಗರೇನಲ್ಲ. ಅಮೆರಿಕದ ಚಕ್ ಲ್ಯಾಂಡೆ ಮತ್ತು ಮೈಕ್ ಮಿಲ್ಲರ್ ಬೆಲ್ಮಾಂಟೆಗಿಂತ ಮುಂಚೆಯೇ ಎರಡು ಕೈಯಲ್ಲಿ ಆಡಿದವರು. ಭೂಮಿಯ ಇನ್ನೊಂದು ತುದಿಯಲ್ಲಿ, ಫಿನ್ಲೆಂಡಿನಲ್ಲಿ, ಬೆಲ್ಮಾಂಟೆಯ ಓರಗೆಯ ಓಸ್ಕು ಪಾಲೆರ್ಮಾ ಕೂಡ ತನ್ನಷ್ಟಕ್ಕೆ ಇದೇ ಶೈಲಿಯನ್ನು ರೂಢಿಸಿಕೊಂಡಿದ್ದರು. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತದ್ದಲ್ಲ.

ಬೆಲ್ಮಾಂಟೆ ಪಿಬಿಎ ಟೂರ್‌ಗೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಇದು ಮೋಸ, ಇದನ್ನು ನಿಷೇಧಿಸಿ ಎಂಬ ಕೂಗೂ ಎದ್ದಿತು. ಉತ್ತರ ಲೇನಿನ ಮೇಲೆ ಬಂತು. 2009ರಲ್ಲಿ ಮೊದಲ ಪ್ರಶಸ್ತಿ. 2013, 14, 15ರಲ್ಲಿ ಸತತ ಮೂರು ಬಾರಿ ಯುಎಸ್‌ಬಿಸಿ ಮಾಸ್ಟರ್ಸ್ ಎಂಬ ಪ್ರಮುಖ ಪಂದ್ಯಾವಳಿ. ಅದಕ್ಕೆ ಮೊದಲು ಯಾರೂ ಹಾಗೆ ಗೆದ್ದಿರಲಿಲ್ಲ. ಅರ್ಲ್ ಆಂಟನಿ, ಪೀಟ್ ವೆಬರ್ ಇಬ್ಬರ ಹೆಸರಿನಲ್ಲಿದ್ದ ಹತ್ತು ಪ್ರಮುಖ ಪ್ರಶಸ್ತಿಗಳ ದಾಖಲೆಯನ್ನು 2019ರಲ್ಲಿ ಮುರಿದರು. 2020ರಲ್ಲಿ ಯುಎಸ್ ಓಪನ್ ಗೆದ್ದು, ಐದು ಪ್ರಮುಖ ಪಂದ್ಯಾವಳಿಗಳನ್ನೂ ಒಮ್ಮೆಯಾದರೂ ಗೆದ್ದ ಸಾಧನೆ ಪೂರೈಸಿದರು. ಅವರಿಗೆ ಮೊದಲು ಈ ಸಾಧನೆ ಮಾಡಿದ್ದು ಮೈಕ್ ಆಲ್ಬಿ ಒಬ್ಬರೇ. ವರ್ಷದ ಆಟಗಾರ ಗೌರವ ಏಳು ಬಾರಿ ಅವರಿಗೆ ಸಂದಿದೆ.

ಜೊತೆಗೆ ಒಂದು ಪೀಳಿಗೆಯೇ ಎದ್ದು ಬಂತು. 2016ರಲ್ಲಿ ಆಂಟನಿ ಸಿಮನ್‌ಸೆನ್ 19ನೇ ವಯಸ್ಸಿಗೇ ಮಾಸ್ಟರ್ಸ್ ಗೆದ್ದರು. ಅದೇ ವರ್ಷ ಸ್ವೀಡನ್ನಿನ ಯೆಸ್ಪರ್ ಸ್ವೆನ್ಸನ್, ಎಡಗೈಯ ಆಟಗಾರ, ಟೂರ್ನಮೆಂಟ್ ಆಫ್ ಚಾಂಪಿಯನ್ಸ್ ಗೆದ್ದರು. ಇಬ್ಬರದೂ ಎರಡು ಕೈಯ ಆಟ. ಟ್ರೂಪ್ ಕುಟುಂಬದಲ್ಲಂತೂ ಈ ಬದಲಾವಣೆ ಒಂದೇ ಮನೆಯೊಳಗೆ ಕಾಣುತ್ತದೆ. ಅಪ್ಪ ಗಪ್ಪಿ ಟ್ರೂಪ್ ಒಂದು ಕೈಯಲ್ಲಿ ಆಡಿ ಪಿಬಿಎ ಪ್ರಶಸ್ತಿಗಳನ್ನು ಗೆದ್ದವರು. ಮಗ ಕೈಲ್ ಎರಡು ಕೈಯಲ್ಲಿ ಆಡಿ 2021ರ ವರ್ಷದ ಆಟಗಾರನಾದರು.

ಇವರೆಲ್ಲ ಎಳವೆಯಲ್ಲೇ ಕಲಿತವರು. ಒಂದು ಕೈಯಲ್ಲಿ ವರ್ಷಗಟ್ಟಲೆ ಆಡಿ ಆಮೇಲೆ ಬದಲಾಯಿಸುವವರ ಪಾಡು ಬೇರೆ. ಕೈಗಿಂತ ಹೆಚ್ಚಾಗಿ ಕಾಲಿಗೆ ಪಾಠ ಬೇಕು. ಎರಡೂ ಕೈ ಚೆಂಡಿನ ಮೇಲಿದ್ದಾಗ ತೋಳು ಹಿಂದಕ್ಕೆ ಹೆಚ್ಚು ಎತ್ತರ ಹೋಗುವುದಿಲ್ಲ; ಕಡಿಮೆಯಾದ ವೇಗವನ್ನು ಚುರುಕಾದ ಹೆಜ್ಜೆಯಿಂದ, ಕೊನೆಗೆ ಹಾಕುವ ಸಣ್ಣ ಕುಪ್ಪಳಿಕೆಯಿಂದ ತುಂಬಿಕೊಳ್ಳಬೇಕು. ಸೊಂಟ ಬಾಗಬೇಕು, ಚೆಂಡಿನ ಕಡೆಯ ಭುಜ ತಗ್ಗಬೇಕು. ಬೆನ್ನು, ಮಂಡಿ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು. ಒಂಟಿಯಾಗಿ ಮೂಲೆಯಲ್ಲಿ ಉಳಿದ ಪಿನ್ನಿಗೆ ನೇರವಾಗಿ ಎಸೆಯುವುದು ಇನ್ನೂ ಕಷ್ಟ, ಏಕೆಂದರೆ ಚೆಂಡು ತಿರುಗಲೇ ಹವಣಿಸುತ್ತದೆ. ಅದಕ್ಕೇ ಅನೇಕರು ಸ್ಪೇರ್‌ಗೆಂದು ಹೆಚ್ಚು ತಿರುಗದ ಪ್ಲಾಸ್ಟಿಕ್ ಚೆಂಡೊಂದನ್ನು ಬೇರೆಯೇ ಇಟ್ಟುಕೊಳ್ಳುತ್ತಾರೆ. ಚೆಂಡಿನ ತೂತುಗಳೂ ಬದಲಾಗಬೇಕು. 2020ರ ಆಗಸ್ಟ್‌ನಿಂದ ಜಾರಿಗೆ ಬಂದ ಅಮೆರಿಕದ ನಿಯಮದಂತೆ, ಹಿಡಿತಕ್ಕೆ ಬಳಸದ ತೂತು ಚೆಂಡಿನಲ್ಲಿ ಇರುವಂತಿಲ್ಲ. ಹೆಬ್ಬೆರಳು ಬಿಟ್ಟವರು ಅದರ ತೂತನ್ನೂ ಮುಚ್ಚಿಸಬೇಕು.

ಒಂದು ಕೈಯ ಆಟ ಇದರಿಂದ ಅಳಿದಿಲ್ಲ. ಬೆಲ್ಮಾಂಟೆಯಷ್ಟೇ ಬಾರಿ, ಏಳು ಸಲ, ವರ್ಷದ ಆಟಗಾರನಾದ ವಾಲ್ಟರ್ ರೇ ವಿಲಿಯಮ್ಸ್ ಜೂನಿಯರ್ ಆ ಏಳನ್ನೂ ಗಳಿಸಿದ್ದು ಒಂದು ಕೈಯ ನೇರ ಎಸೆತದಿಂದ. ಎರಡೂ ದಾರಿ ಉಳಿದಿವೆ, ಉಳಿಯಬೇಕು. ಆದರೆ ಎರಡು ಕೈಯದು ಅಡ್ಡದಾರಿ ಎನ್ನುವ ಮಾತಿಗೆ ಈಗ ಬೆಲೆಯಿಲ್ಲ. ನಿಯಮದ ತಕರಾರಿಲ್ಲ, ಫಲಿತಾಂಶವೂ ಕಣ್ಣೆದುರಿಗಿದೆ.

ಬೆಂಗಳೂರಿನ ಬೌಲಿಂಗ್ ಕೇಂದ್ರಗಳಿಗೆ ಭಾನುವಾರ ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಯರಿಗೆ ಒಂದು ಮಾತು. ನಿಮ್ಮ ಮಗು ಚೆಂಡನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಗೆರೆಯ ಕಡೆ ನಡೆದರೆ ತಡೆಯಬೇಡಿ. ಅದರ ಮೈಗೆ ತಕ್ಕ ಹಗುರದ ಚೆಂಡು ಆರಿಸಿಕೊಡಿ, ಗೆರೆ ತುಳಿಯದಂತೆ ಹೇಳಿಕೊಡಿ. ಒಂದು ಕೈಯೋ ಎರಡೋ, ಮಗುವೇ ಆಡುತ್ತ ಆರಿಸಿಕೊಳ್ಳಲಿ.